ದಮ್ಮಾಮಿನಿಂದ ಸಂಪಾಜೆಗೆ ಎಷ್ಟು ಹೊತ್ತು

ವಿಮಾನದ ಟಿಕೆಟ್ ಮಾಡಿಕೊಡುವುದು ನನ್ನ ಕೆಲಸ. ನಾನು ಮಾತ್ರ ಇದುವರೆಗೆ ವಿಮಾನ ಹತ್ತಿದವಳಲ್ಲ. ಸುಳ್ಯ ಪೇಟೆಯ ಒಂದು ಬೇಕರಿಯ ಮೇಲಿನ ಮಾಳಿಗೆಯಲ್ಲಿ ನನ್ನ ಆಫೀಸು. ಕೆಳಗಿನಿಂದ ಬಿಸಿ ಬನ್ನಿನ ಪರಿಮಳ ಮೆಟ್ಟಿಲು ಹತ್ತಿ ಬರುತ್ತಿರುತ್ತದೆ, ಎದುರಿನ ಗೋಡೆಯಲ್ಲಿ ಪ್ರಪಂಚದ ನಕಾಶೆ ತೂಗುತ್ತಿರುತ್ತದೆ. ಮಳೆಗಾಲದ ಮಧ್ಯಾಹ್ನ ಗಿರಾಕಿಗಳಿಲ್ಲದಾಗ ನಾನು ಆ ನಕಾಶೆಯ ಮೇಲೆ ಬೆರಳು ಓಡಿಸುತ್ತಾ ನಿಲ್ಲುತ್ತೇನೆ. ಮಂಗಳೂರಿನಿಂದ ಹೊರಟ ಬೆರಳು ಅರಬ್ಬೀ ಸಮುದ್ರ ದಾಟಿ, ಒಮಾನಿನ ಮರಳು ದಾಟಿ ಕೆಳಗಿಳಿಯುವಾಗ ನನ್ನ ಕಿವಿ ನಿಜವಾಗಿಯೂ ಗುಂಯ್ ಎನ್ನುತ್ತದೆ. ಮನೆಯಲ್ಲಿ ಒಮ್ಮೆ ಇದನ್ನು ಹೇಳಿ ಎಲ್ಲರ ಬಾಯಿಗೆ ಬಿದ್ದೆ. ಆಮೇಲೆ ಹೇಳುವುದನ್ನು ಬಿಟ್ಟೆ, ಹಾರುವುದನ್ನು ಬಿಡಲಿಲ್ಲ.

ಈ ನನ್ನ ಹಾರಾಟ ಗೊತ್ತಿದ್ದವರು ಒಬ್ಬರೇ, ಸಂಪಾಜೆಯ ಹಾಜಿಯವರು. ಹರೆಯದಿಂದ ಹಿಡಿದು ಗಡ್ಡ ಬೆಳ್ಳಗಾಗುವ ತನಕ ಸೌದಿಯ ದಮ್ಮಾಮಿನಲ್ಲಿ ರೊಟ್ಟಿ ಅಂಗಡಿಯ ಒಲೆಯ ಮುಂದೆ ನಿಂತವರು. ಅವರು ಊರಿಗೆ ಮರಳಿ ಬಂದು ನೆಲೆಯಾದ ಮೇಲೆ ಮಗಳನ್ನು ಮದುವೆ ಮಾಡಿಕೊಟ್ಟದ್ದು ಅದೇ ದಮ್ಮಾಮಿನಲ್ಲಿ ಕೆಲಸದಲ್ಲಿದ್ದ ಹುಡುಗನಿಗೆ. ಔಷಧಕ್ಕೆಂದು ಸುಳ್ಯಕ್ಕೆ ಬಂದಾಗಲೆಲ್ಲ ಮೆಟ್ಟಿಲು ಹತ್ತಿ ಬಂದು, ಕೊಡೆ ಮಡಚಿ ಮೂಲೆಗಿಟ್ಟು, ನಕಾಶೆಯ ಎದುರು ಕೂರುತ್ತಿದ್ದರು. ಟಿಕೆಟ್ ಬೇಕಾಗಿ ಬಂದದ್ದು ಕಡಿಮೆ.

"ಅಕ್ಕಾ, ಮಗಳ ಊರಿಗೆ ಎಷ್ಟು ದೂರ ಉಂಟು?"

"ಹೋದ ಸಲ ಹೇಳಿದಷ್ಟೇ ಉಂಟು ಹಾಜಿಯವರೇ. ನೇರ ಹಾರಿದರೆ ಮೂರು ಸಾವಿರ ಕಿಲೋಮೀಟರ್ ಹತ್ತಿರ."

"ಹೊತ್ತು?"

"ಹೋಗ್ಲಿಕ್ಕೆ ನಾಲ್ಕೂಮುಕ್ಕಾಲು ಗಂಟೆ. ಬರ್ಲಿಕ್ಕೆ ಸ್ವಲ್ಪ ಕಡಿಮೆ. ವರ್ಷದ ಹೆಚ್ಚಿನ ದಿನ ಗಾಳಿ ಹಿಂದಿನಿಂದ ದೂಡ್ತದೆ."

"ಗಾಳಿಯೂ ಅಲ್ಲ, ಎಂತದೂ ಅಲ್ಲ. ಮನೆಗೆ ಬರುವ ಅರ್ಜೆಂಟು ಅದು" ಎಂದು ಗಡ್ಡದೊಳಗೇ ನಗುತ್ತಿದ್ದರು.

ಕಂಪ್ಯೂಟರಿನಲ್ಲಿ ವಿಮಾನದ ದಾರಿ ತೋರಿಸಿದರೆ ಅದು ಬಾಗಿದ ಗೆರೆಯಾಗಿ ಕಾಣುತ್ತಿತ್ತು. ಆಕಾಶದಲ್ಲಿ ಗುಡ್ಡ ಇಲ್ಲ, ಹೊಳೆ ಇಲ್ಲ, ಮತ್ತೆ ಯಾಕೆ ಬಾಗಿ ಹೋಗುವುದು ಎಂದು ಕೇಳಿದರು. ಭೂಮಿ ಉರುಟು, ಉರುಟಿನ ಮೇಲೆ ಹತ್ತಿರದ ದಾರಿ ಎಂದರೆ ಇದೇ ಎಂದೆ. ಅವರು ಸ್ವಲ್ಪ ಯೋಚಿಸಿ, "ಹಾಗಾದರೆ ಮೇಲೆಯೂ ಘಾಟಿ ಉಂಟು ಅನ್ನಿ" ಎಂದರು. ಘಾಟಿಯ ಬುಡದಲ್ಲಿ ಮನೆ ಕಟ್ಟಿಕೊಂಡವರಿಗೆ ಪ್ರಪಂಚವೆಲ್ಲ ಘಾಟಿ. ಆದರೆ ಕೊನೆಗೆ ಏಳುವಾಗ ಅವರು ಕೇಳುತ್ತಿದ್ದ ಒಂದು ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರ ಇರಲಿಲ್ಲ.

"ನೀವು ಹೇಳುದು ವಿಮಾನದ ಹೊತ್ತು. ವಿಮಾನ ಏರ್‌ಪೋರ್ಟಿನಿಂದ ಏರ್‌ಪೋರ್ಟಿಗೆ ಹೋಗ್ತದೆ. ಮನುಷ್ಯ ಹೋಗುದು ಬಾಗಿಲಿನಿಂದ ಬಾಗಿಲಿಗೆ. ಮಗಳು ಅವಳ ಬಾಗಿಲು ಹಾಕಿ ಹೊರಟರೆ ನನ್ನ ಬಾಗಿಲಿಗೆ ಮುಟ್ಲಿಕ್ಕೆ ಎಷ್ಟು ಹೊತ್ತು?"

"ಅದು ಒಂದೊಂದು ದಿನ ಒಂದೊಂದು ಆಗ್ತದೆ. ಲೆಕ್ಕ ಹಾಕಿ ಒಂದು ದಿನ ಹೇಳ್ತೇನೆ."

"ಹೇಳಿ ಆಯ್ತಾ" ಎಂದು ಕೊಡೆ ಹಿಡಿದು ಇಳಿದು ಹೋಗುತ್ತಿದ್ದರು.

ಆಷಾಢದ ಒಂದು ಬೆಳಗ್ಗೆ, ಮಸೀದಿಯ ಬಾಂಗ್ ಕೇಳಿ ಸ್ವಲ್ಪ ಹೊತ್ತಿಗೆ ಫೋನ್ ಬಂತು. ನಾನು ಕಾಫಿಗೆ ನೀರಿಟ್ಟಿದ್ದೆ. ಹಾಜಿಯವರ ಮಗ, ಸಂಪಾಜೆಯಲ್ಲಿ ಕರಿಮೆಣಸಿನ ವ್ಯಾಪಾರ ಮಾಡುವವರು.

"ಅಕ್ಕ, ಉಪ್ಪ ಹೋದ್ರು."

ಉಪ್ಪ ಎಂದರೆ ಅಪ್ಪ, ನಮ್ಮ ಹಾಜಿಯವರು. ಹಿಂದಿನ ವಾರವಷ್ಟೇ ಬಂದು ನಕಾಶೆಯ ಎದುರು ಕೂತಿದ್ದವರು. ನಿದ್ದೆಯಲ್ಲೇ ಹೋದದ್ದಂತೆ, ಯಾರಿಗೂ ತೊಂದರೆ ಕೊಡದೆ.

"ತಂಗಿ ಬರ್ಬೇಕು ಅಕ್ಕ. ಒಮ್ಮೆ ಮುಖ ನೋಡ್ಬೇಕು ಅಂತ ಕೂಗ್ತಾ ಇದ್ದಾಳೆ. ಅವಳೊಬ್ಬಳೇ ಬರುದು, ಗಂಡನಿಗೆ ರಜೆ ಇಲ್ಲ. ಎಂತಾದರೂ ಮಾಡಿ."

ನನ್ನ ಈ ಕೆಲಸದಲ್ಲಿ ಇಂಥ ಫೋನು ಹೊಸತಲ್ಲ. ಈ ಕಡೆಯ ಬ್ಯಾರಿ ಮನೆಗಳಲ್ಲಿ ಮಯ್ಯತ್ತನ್ನು, ಎಂದರೆ ಶವವನ್ನು, ಹೆಚ್ಚು ಹೊತ್ತು ಇಡುವ ಕ್ರಮ ಇಲ್ಲ, ಅದೇ ದಿನ ದಫನ್ ಆಗಬೇಕು. ಗಂಡುಮಕ್ಕಳು ತಡವಾಗಿ ಬಂದರೂ ಕಬರಿನ ಹತ್ತಿರ ಹೋಗಿ ಪ್ರಾರ್ಥಿಸಬಹುದು. ಹೆಣ್ಣುಮಕ್ಕಳು ಅಲ್ಲಿಯ ತನಕ ಹೋಗುವುದಿಲ್ಲ. ಅವರಿಗೆ ಮನೆಯ ಬಾಗಿಲೇ ಕೊನೆ. ಆ ಬಾಗಿಲು ದಾಟಿ ಮಯ್ಯತ್ ಹೊರಟಿತೆಂದರೆ ಮಗಳಿಗೆ ಅಪ್ಪನ ಮುಖ ಮತ್ತೆ ಇಲ್ಲ. ನಾನು ಮಗಳನ್ನು ಮುಟ್ಟಿಸಬೇಕಾಗಿದ್ದದ್ದು ಏರ್‌ಪೋರ್ಟಿಗಲ್ಲ, ಆ ಬಾಗಿಲಿಗೆ, ಅದೂ ಹಾಜಿಯವರು ಅಲ್ಲಿಂದ ಹೊರಡುವ ಮೊದಲು.

ಒಲೆ ಆರಿಸಿ ಅಡುಗೆಮನೆಯ ಮೇಜಿನ ಮೇಲೆಯೇ ಲ್ಯಾಪ್‌ಟಾಪ್ ತೆರೆದೆ. ಆ ದಿನ ದಮ್ಮಾಮಿನಿಂದ ಮಂಗಳೂರಿಗೆ ನೇರ ವಿಮಾನ ಇದ್ದದ್ದು ಮಧ್ಯಾಹ್ನದ ಮೇಲೆ, ಇಳಿಯುವಾಗ ರಾತ್ರಿ. ಮುಂಬಯಿಯಲ್ಲಿ ಬದಲಾಯಿಸಿ ಬರುವುದು ಇನ್ನೊಂದು. ಒಂದು ವಿಮಾನ ತಪ್ಪಿದರೆ ಅಲ್ಲಿಯೇ ಬಾಕಿ. ಮೂರನೆಯದ್ದು ಕಣ್ಣೂರಿಗೆ ನೇರ, ಅಲ್ಲಿಯ ಬೆಳಗ್ಗಿನ ಆರೂಕಾಲರ ಸುಮಾರಿಗೆ ಹೊರಟು ಇಲ್ಲಿಯ ಮಧ್ಯಾಹ್ನ ಒಂದಕ್ಕೆ ಇಳಿಯುವಂಥದ್ದು.

"ಕಣ್ಣೂರು ಬೇಡ ಅಕ್ಕ" ಎಂದರು ಮಗ. "ನಮಗೆಲ್ಲ ಮಂಗಳೂರೇ ಅಭ್ಯಾಸ. ಕಣ್ಣೂರು ಅಂದರೆ ಬೇರೆ ರಾಜ್ಯ."

"ಸಂಪಾಜೆಯಿಂದ ಎರಡೂ ಹೆಚ್ಚುಕಡಿಮೆ ಅಷ್ಟಷ್ಟೇ ದೂರ ಮಾರಾಯ್ರೆ. ಇರಿಟ್ಟಿ, ಮಾಕುಟ್ಟ, ವಿರಾಜಪೇಟೆ, ಮಡಿಕೇರಿ, ಮತ್ತೆ ಘಾಟಿ ಇಳಿದರೆ ನಿಮ್ಮ ಮನೆ. ಮೂರು ಗಂಟೆ ಸಾಕು."

"ಮಳೆಗೆ ಮಾಕುಟ್ಟದಲ್ಲಿ ಗುಡ್ಡ ಜರಿದರೆ?"

ಆದರೂ ಕಣ್ಣೂರೆಂದೇ ನಿಶ್ಚಯ ಮಾಡಿದೆ. ಉಳಿದ ಎರಡರಲ್ಲಿ ಅವಳು ಮನೆ ಮುಟ್ಟುವುದು ಕತ್ತಲೆಗೆ. ಇದೊಂದರಲ್ಲಿ ಮಾತ್ರ ಹಗಲು ಬಾಕಿ ಇತ್ತು.

ಟಿಕೆಟ್ ಮಾಡುವುದು ಸುಲಭ, ಅವಳನ್ನು ಅಲ್ಲಿಂದ ಹೊರಡಿಸುವುದು ಕಷ್ಟ. ಸೌದಿಯಿಂದ ಹೊರಗೆ ಹೋಗಿ ಮರಳಿ ಬರಲು ಅಲ್ಲಿಯ ಅನುಮತಿ ಬೇಕು. ಹೆಂಡತಿಗೆ ಅದನ್ನು ಗಂಡನೇ ತನ್ನ ಮೊಬೈಲಿನಲ್ಲಿ ಮಾಡಬೇಕು. ಆ ಗಂಡ ರಾತ್ರಿ ಪಾಳಿಯಲ್ಲಿದ್ದ, ಕೆಲಸದ ಜಾಗದಲ್ಲಿ ಫೋನ್ ಇಟ್ಟುಕೊಳ್ಳುವಂತಿಲ್ಲ. ಮಗಳು ಅತ್ತ ಅವನ ಕಂಪೆನಿಯ ಗೇಟಿಗೆ ಫೋನ್ ಮಾಡುತ್ತಿದ್ದಳು, ಇತ್ತ ನಾನು ಟಿಕೆಟನ್ನು ಹಿಡಿದಿಟ್ಟುಕೊಂಡು ಪರದೆಯ ಮೇಲೆ ಉಳಿದ ಸೀಟುಗಳನ್ನು ನೋಡುತ್ತಿದ್ದೆ. ಗೇಟಿನವನಿಗೆ ಕೊನೆಗೂ ಕರುಣೆ ಬಂತು, ಗಂಡನನ್ನು ಹೊರಗೆ ಕರೆಸಿದ. ಅನುಮತಿ ಬಂದ ಮೆಸೇಜು ಅವಳು ನನಗೆ ಕಳಿಸಿದ ಕೂಡಲೇ ಟಿಕೆಟ್ ಪಕ್ಕಾ ಮಾಡಿದೆ.

"ಕೇಳು ಮಗಾ" ಎಂದೆ ಅವಳಿಗೆ. ಅವಳನ್ನು ನಾನು ಒಮ್ಮೆಯೂ ನೋಡಿದ್ದಿಲ್ಲ, ಹಾಜಿಯವರ ಬಾಯಿಯಲ್ಲಿ ಕೇಳಿದ್ದು ಮಾತ್ರ. ಆದರೂ ಹಾಗೆ ಬಾಯಿಗೆ ಬಂತು. "ದೊಡ್ಡ ಬ್ಯಾಗು ಬೇಡ. ಒಂದು ಕೈಚೀಲ ಸಾಕು. ಇಳಿದ ಮೇಲೆ ಬ್ಯಾಗಿಗೆ ಕಾದು ನಿಂತರೆ ಅರ್ಧ ಗಂಟೆ ಅಲ್ಲಿಯೇ ಹೋಗ್ತದೆ. ಮುಂದಿನ ಬಾಗಿಲಿನ ಹತ್ತಿರ ಸೀಟು ಹಾಕಿದ್ದೇನೆ, ಕಿಟಕಿಯದ್ದು. ನಿಲ್ಲಿಸಿದ ಕೂಡಲೇ ಏಳು, ಯಾರನ್ನೂ ಕಾಯ್ಬೇಡ."

"ಅಕ್ಕ, ಸಿಗ್ತಾರಾ ಉಪ್ಪ?"

"ಸಿಗ್ತಾರೆ" ಎಂದೆ.

ಅವಳು ಮನೆಯ ಬಾಗಿಲು ಹಾಕಿದಾಗ ನಮ್ಮಲ್ಲಿ ಐದೂಮುಕ್ಕಾಲು. ಏರ್‌ಪೋರ್ಟ್ ಮುಟ್ಟಿ ಒಳಗೆ ಹೋದೆ ಎಂದು ಮೆಸೇಜು ಹಾಕಿದಳು. ನಾನು ಸ್ನಾನ ಮುಗಿಸಿ, ಎರಡು ದೋಸೆ ತಿಂದು ಆಫೀಸಿಗೆ ಹೋದೆ. ಒಂಬತ್ತರ ಹೊತ್ತಿಗೆ ವಿಮಾನ ನೆಲ ಬಿಟ್ಟಿತು. ಮೊಬೈಲಿನಲ್ಲಿ ವಿಮಾನಗಳನ್ನು ತೋರಿಸುವ ಒಂದು ಆ್ಯಪ್ ಇದೆ. ನೀಲಿ ಸಮುದ್ರ, ಅದರ ಮೇಲೆ ಚಿಕ್ಕ ಹಳದಿ ವಿಮಾನಗಳು. ಅವಳದನ್ನು ಹುಡುಕಿ ಒತ್ತಿದೆ. ಬಹರೈನ್ ದಾಟುತ್ತಿತ್ತು. ಗೋಡೆಯ ನಕಾಶೆಯ ಮೇಲೂ ಬೆರಳಿಟ್ಟೆ. ಕಿಟಕಿಯ ಹೊರಗೆ ಸುಳ್ಯದ ಮಳೆ, ಬೆರಳಿನ ಕೆಳಗೆ ಮರಳುಗಾಡು, ಪಕ್ಕದ ಸೀಟಿನಲ್ಲಿ ಮುಖ ಗೊತ್ತಿಲ್ಲದ ಒಬ್ಬಳು ಹುಡುಗಿ ಕಿಟಕಿಗೆ ಹಣೆ ಒತ್ತಿ ಕೂತಿದ್ದಾಳೆ. ಹೀಗೆ ಎಷ್ಟು ಹೊತ್ತು ನಿಂತಿದ್ದೆನೋ. ಕೆಳಗಿನ ಬೇಕರಿಯಲ್ಲಿ ತಟ್ಟೆ ಬಿದ್ದ ಸದ್ದಿಗೆ ಎಚ್ಚರವಾಯಿತು. ಕಾರು ಹೊರಟಿತೇ ಎಂದು ಕೇಳಲಿಲ್ಲವಲ್ಲ ಎಂದು ನೆನಪಾಗಿ ಮಗನಿಗೆ ಫೋನ್ ಮಾಡಿದೆ.

"ಇಲ್ಲ ಅಕ್ಕ, ಹನ್ನೆರಡಕ್ಕೆ ಹೊರಟರೆ ಸಾಕಲ್ಲ. ಅವಳು ಇಳಿಯುದು ಮೂರೂವರೆಗೆ."

"ಮೂರೂವರೆ ಎಲ್ಲಿಂದ ಬಂತು?"

"ಅವಳೇ ಹೇಳಿದ್ದು, ಒಂದು ಗಂಟೆಗೆ ಇಳಿತೇನೆ ಅಂತ. ಅದಕ್ಕೆ ಎರಡೂವರೆ ಕೂಡಿಸ್ಬೇಕಲ್ಲ?"

ಒಂದು ಕ್ಷಣ ನನಗೆ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ದಮ್ಮಾಮಿನ ಗಂಟೆ ನಮ್ಮದಕ್ಕಿಂತ ಎರಡೂವರೆ ತಾಸು ಹಿಂದೆ. ಗಲ್ಫಿನಲ್ಲಿ ಮನೆಯವರಿರುವ ಇಲ್ಲಿಯ ಎಲ್ಲ ಮನೆಗಳಲ್ಲೂ ಈ ಕೂಡಿಸುವ ಲೆಕ್ಕ ಉಸಿರಾಟದ ಹಾಗೆ ನಡೆಯುತ್ತಿರುತ್ತದೆ. ಅಲ್ಲಿಂದ ಯಾರು ಯಾವ ಗಂಟೆ ಹೇಳಿದರೂ ಇಲ್ಲಿ ಎರಡೂವರೆ ಕೂಡಿಸಿಕೊಂಡು ಕೇಳುವುದು. ಹಾಜಿಯವರ ಮನೆಯಲ್ಲಂತೂ ಚಾವಡಿಯ ಗೋಡೆಯಲ್ಲಿ ಎರಡು ಗಡಿಯಾರ ಇದೆಯೆಂದು ಅವರೇ ಹೇಳಿದ್ದರು. ಒಂದು ನಮ್ಮದು, ಒಂದು ದಮ್ಮಾಮಿನದು. ಎರಡನೆಯದನ್ನು ಮೊದಲು ಹೆಂಡತಿ ತೂಗುಹಾಕಿದ್ದು ಗಂಡನಿಗಾಗಿ. ಆಮೇಲೆ ಅದಕ್ಕೆ ಸೆಲ್ ಹಾಕಿ ನಡೆಸಿದ್ದು ಹಾಜಿಯವರು, ಮಗಳಿಗಾಗಿ. ಆದರೆ ಟಿಕೆಟಿನಲ್ಲಿ ಬರೆಯುವುದು ಇಳಿಯುವ ಊರಿನ ಗಂಟೆ. ಅವಳು ಟಿಕೆಟ್ ನೋಡಿ ಹೇಳಿದ ಒಂದು ಗಂಟೆ ನಮ್ಮದೇ ಒಂದು ಗಂಟೆ. ಬೇರೆ ದಿನವಾಗಿದ್ದರೆ ಇದು ಅವರಿಗೂ ಹೊಳೆಯುತ್ತಿತ್ತು. ಆ ದಿನ ಆ ಮನೆಯಲ್ಲಿ ಯಾರ ತಲೆಯೂ ಓಡುತ್ತಿರಲಿಲ್ಲ, ಅಭ್ಯಾಸ ಮಾತ್ರ ಓಡುತ್ತಿತ್ತು.

"ಅದು ನಮ್ಮದೇ ಗಂಟೆ ಮಾರಾಯ್ರೆ! ಕೂಡಿಸ್ಲಿಕ್ಕೆ ಇಲ್ಲ! ಈಗಲೇ ಕಾರು ಬಿಡಿ!"

ಆ ಕಡೆಯಲ್ಲಿ ಅವರು ಯಾರನ್ನೋ ಕೂಗಿದ್ದು, ಚಪ್ಪಲಿಗಳ ಸದ್ದು, ಕಾರಿನ ಬಾಗಿಲು ಹಾಕಿದ್ದು ಕೇಳಿಸಿತು. ಮತ್ತೆ ಫೋನಿಗೆ ಬಂದಾಗ ಅವರ ದನಿ ಇಳಿದಿತ್ತು.

"ಕಾರು ಹೋಯ್ತು. ಆದರೆ ಅಕ್ಕ, ಇನ್ನೊಂದು ಉಂಟು. ಅವಳು ಮುಟ್ಟುವಾಗ ಕತ್ತಲೆ ಆಗ್ತದೆ, ಅಷ್ಟು ಹೊತ್ತು ಕಾಯುದು ಬೇಡ ಅಂತ ಮಾತಾಗಿದೆ. ಲುಹರ್ ನಮಾಜು ಆದ ಕೂಡಲೇ ಕೊಂಡುಹೋಗುದು. ಮಸೀದಿಯ ಮೈಕಿನಲ್ಲಿ ಹೇಳಿಯೂ ಆಯ್ತು. ಮಡಿಕೇರಿಯಿಂದ, ಪುತ್ತೂರಿನಿಂದ ನೆಂಟರೆಲ್ಲ ಬಂದಿದ್ದಾರೆ."

ಲುಹರ್ ಎಂದರೆ ಮಧ್ಯಾಹ್ನದ ನಮಾಜು. ಅವಳು ಆಗಿನ್ನೂ ಆಕಾಶದಲ್ಲಿರುತ್ತಾಳೆ.

"ನೀವು ಹೇಳಿ ಅವರಿಗೆ, ಲೆಕ್ಕ ತಪ್ಪಿದೆ ಅಂತ."

"ನಾನು ಹೇಳಿದರೆ ತಂಗಿಗೆ ಬೇಕಾಗಿ ಹೇಳುದು ಅಂತ ಆಗ್ತದೆ. ಬೆಳಗ್ಗೆ ಮೂರೂವರೆ ಅಂತ ಹೇಳಿದವನೂ ನಾನೇ ಅಲ್ವಾ? ನೀವೊಮ್ಮೆ ಬರ್ಬಹುದಾ ಅಕ್ಕ?"

ಫೋನಿನಲ್ಲಿ ಗಂಟೆ ಹೇಳಬಹುದು, ನಂಬಿಸಲು ಆಗುವುದಿಲ್ಲ. ಟಿಕೆಟ್ ಮಾಡಿಕೊಟ್ಟಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಅದರಾಚೆ ಇನ್ನೊಬ್ಬರ ಮನೆಯ ಸಾವಿನ ಚಾವಡಿಗೆ ಹೋಗಿ ಹಿರಿಯರ ಮಾತು ಬದಲಿಸಿ ಎಂದು ಹೇಳಲು ನಾನು ಯಾರು? ಆದರೆ ಬೆಳಗ್ಗೆ ಆ ಹುಡುಗಿಗೆ "ಸಿಗ್ತಾರೆ" ಎಂದವಳು ನಾನೇ. ಮೂಲೆಯಲ್ಲಿ ಹಾಜಿಯವರು ಕೊಡೆ ಇಡುತ್ತಿದ್ದ ಜಾಗ ಕಣ್ಣಿಗೆ ಬಿತ್ತು. ಬಾಗಿಲಿಗೆ ಬೀಗ ಹಾಕಿ, ಓಡಿ ಮಡಿಕೇರಿ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಕಿಟಕಿಯ ಟರ್ಪಾಲು ಇಳಿಸಿ ಒಳಗೆಲ್ಲ ಮಸುಕು. ಅರಂತೋಡು ದಾಟುವಾಗ ಮೊಬೈಲ್ ನೋಡಿದೆ. ಹಳದಿ ವಿಮಾನ ಒಮಾನಿನ ಅಂಚಿಗೆ ಬಂದಿತ್ತು. ನಾನು ಪೂರ್ವಕ್ಕೆ, ಅವಳೂ ಪೂರ್ವಕ್ಕೆ. ನನ್ನ ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಅವಳ ವಿಮಾನವೂ ಅಲುಗಿದಂತೆ ತೋರಿತು. ಇಬ್ಬರೂ ಒಂದೇ ವಾಹನದಲ್ಲಿದ್ದೇವೆ, ಅವಳು ಮುಂದೆ, ನಾನು ಹಿಂದಿನ ಸೀಟು ಎನ್ನಿಸಿತು. ಕಂಡಕ್ಟರ್ ಎರಡು ಸಲ "ಸಂಪಾಜೆ ಯಾರು?" ಎಂದು ಕೂಗಿದ ಮೇಲೆ ಎದ್ದೆ.

ಹಾಜಿಯವರ ಮನೆ ರಸ್ತೆಯಿಂದ ಸ್ವಲ್ಪ ಮೇಲೆ. ಅಂಗಳಕ್ಕೆ ನೀಲಿ ಟರ್ಪಾಲು ಕಟ್ಟಿ ಕುರ್ಚಿ ಹಾಕಿದ್ದರು. ಗಂಡಸರೆಲ್ಲ ಹೊರಗೆ ಮೆಲ್ಲಗೆ ಮಾತಾಡುತ್ತಿದ್ದರು. ಒಳಗಿನಿಂದ ಹೆಂಗಸರು ಕುರಾನ್ ಓದುವ ಸದ್ದು ಒಂದೇ ಸಮನೆ ಬರುತ್ತಿತ್ತು. ಚಾವಡಿಯಲ್ಲಿ, ಬಿಳಿ ಬಟ್ಟೆ ಹೊದಿಸಿ ಹಾಜಿಯವರನ್ನು ಮಲಗಿಸಿದ್ದರು. ಮೇಲೆ ಗೋಡೆಯಲ್ಲಿ ಅವರು ಹೇಳುತ್ತಿದ್ದ ಎರಡೂ ಗಡಿಯಾರ. ಮೊದಲ ಸಲ ಅವುಗಳನ್ನು ನೋಡಿದ್ದು ಹೀಗೆ. ಕಣ್ಣು ತುಂಬಿ ಬಂತು. ಅಳುವುದಕ್ಕೆ ಬಂದವಳಲ್ಲವಲ್ಲ ಎಂದು ಒರೆಸಿಕೊಂಡೆ.

ಮಗ ನನ್ನನ್ನು ಮಸೀದಿಯ ಧರ್ಮಗುರು ಉಸ್ತಾದರ ಹತ್ತಿರ ಕರೆದುಕೊಂಡು ಹೋದರು. ಪ್ರಾಯ ಸಂದವರು, ತೆಳ್ಳಗಿನವರು. ಬೆಳಗ್ಗಿನಿಂದ ಎಲ್ಲ ನಿರ್ಧಾರ ಅವರ ಮಾತಿನಂತೆ ನಡೆದಿತ್ತು. ನಾನು ನಿಂತಲ್ಲಿಂದಲೇ ಹೇಳತೊಡಗಿದೆ. ಟಿಕೆಟಿನಲ್ಲಿ ಹೊರಡುವಾಗ ಹೊರಡುವ ಊರಿನ ಗಂಟೆ, ಇಳಿಯುವಾಗ ಇಳಿಯುವ ಊರಿನ ಗಂಟೆ. ಎರಡೂವರೆ ತಾಸು ಅದರಲ್ಲಿಯೇ ಸೇರಿದೆ, ನಾವು ಮತ್ತೊಮ್ಮೆ ಸೇರಿಸಿದರೆ ಎರಡು ಸಲ ಆಯಿತು. ಅವರು ತಲೆ ಬಗ್ಗಿಸಿ ಕೇಳಿದರು.

"ಹಾಗಾದರೆ ಮನೆಗೆ ಎಷ್ಟು ಗಂಟೆಗೆ?"

"ನಾಲ್ಕೂವರೆ. ರಸ್ತೆ ಸರಿ ಇದ್ದರೆ."

"ನೀವು ಮಾತು ಕೊಡ್ತೀರಾ?"

ಸುತ್ತ ನಿಂತವರೆಲ್ಲ ನನ್ನ ಮುಖ ನೋಡಿದರು. ಹೂಂ ಎಂದುಬಿಡುವ ಆಸೆಯಾಯಿತು.

"ಇಲ್ಲ ಉಸ್ತಾದರೇ. ವಿಮಾನಕ್ಕೂ ಮಳೆಗೂ ನಾನು ಮಾತು ಕೊಡ್ಲಿಕ್ಕೆ ಆಗುದಿಲ್ಲ. ಅವಳು ಎಲ್ಲಿದ್ದಾಳೆ ಅಂತ ತೋರಿಸ್ಬಹುದು. ಅಷ್ಟೇ ನನ್ನ ಕೈಲಿರುದು."

ಮೊಬೈಲ್ ಮುಂದೆ ಹಿಡಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು. ನೀಲಿಯ ನಡುವೆ ಚಿಕ್ಕ ಹಳದಿ ವಿಮಾನ, ನಿಂತಂತೆ ಕಾಣುವುದು, ನೋಡುತ್ತಾ ಇದ್ದರೆ ಒಂದು ಕೂದಲೆಳೆಯಷ್ಟು ಸರಿಯುವುದು. ಹಿಂದಿನಿಂದ ಹತ್ತು ತಲೆಗಳು ಬಾಗಿದವು.

"ಇದರೊಳಗೆ ಇದ್ದಾಳಾ ಅವಳು?" ಎಂದು ಕೇಳಿದರು ಉಸ್ತಾದರು.

"ಮುಂದಿನ ಬಾಗಿಲಿನ ಹತ್ತಿರ. ಕಿಟಕಿಯ ಸೀಟು."

ಅವರು ಕನ್ನಡಕ ತೆಗೆದು ಮಡಚಿದರು. "ತಡ ಮಾಡಬಾರದು ಅಂತ ಉಂಟು" ಎಂದರು ಆಮೇಲೆ, ಎಲ್ಲರಿಗೂ ಕೇಳುವಂತೆ. "ಬರ್ತಾಳೋ ಇಲ್ಲವೋ ಅಂತ ಗೊತ್ತಿಲ್ಲದೆ ಕಾಯುದು ಸರಿಯಲ್ಲ. ಇದು ಕಣ್ಣಿಗೆ ಕಾಣ್ತಾ ಉಂಟು. ಐದು ಗಂಟೆಯವರೆಗೆ ಕಾಯುವ. ಅದರ ಮೇಲೆ ಯಾರೂ ಕೇಳಬಾರದು." ಮಗನ ಹೆಗಲ ಮೇಲೆ ಕೈಯಿಟ್ಟು, ಮೈಕಿನಲ್ಲಿ ಹೊಸ ಹೊತ್ತು ಹೇಳಿಸಲು ಹೊರಟುಹೋದರು.

ಆಮೇಲಿನ ಹೊತ್ತು ಕನಸಿನಲ್ಲಿ ಕಳೆದಂತೆ ಕಳೆಯಿತು. ನಡು ಸಮುದ್ರದಲ್ಲಿ ವಿಮಾನದ ಗುರುತು ಸಿಗುವುದಿಲ್ಲ. ಆ್ಯಪಿನಲ್ಲಿ ಹಳದಿ ಬಣ್ಣ ಮಾಸಿ, ಅಂದಾಜಿನ ಒಂದು ಗೆರೆ ಮಾತ್ರ ಉಳಿಯಿತು. ಅಂಗಳದಲ್ಲಿ ಗಾಬರಿ.

"ಎಲ್ಲಿ ಹೋಯ್ತು ಅಕ್ಕ?"

"ಉಂಟು. ನಮಗೆ ಕಾಣುದಿಲ್ಲ ಅಷ್ಟೇ."

ಮೂಲೆಯ ಕುರ್ಚಿಯಲ್ಲಿದ್ದ ಮುದುಕರೊಬ್ಬರು, ಹಾಜಿಯವರ ಜೊತೆ ದಮ್ಮಾಮಿನಲ್ಲಿದ್ದವರಂತೆ, ಯಾರಿಗೆಂದಿಲ್ಲದೆ ಮಾತಾಡಿದರು. "ನಾವು ಹೋಗುವಾಗ ಇದೇ ಸಮುದ್ರ ಹಡಗಿನಲ್ಲಿ. ಬೆಳಗ್ಗೆ ಎದ್ದರೂ ನೀರು, ಮಲಗುವಾಗಲೂ ನೀರು. ಇವನು ಹೇಳ್ತಿದ್ದ, ಮನೆ ಹಿಂದೆ ಉಂಟಾ ಮುಂದೆ ಉಂಟಾ ಗೊತ್ತಾಗುದಿಲ್ಲ ಮಾರಾಯಾ ಅಂತ." ಯಾರೋ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ನನಗೆ ಹಾಜಿಯವರ ಹರೆಯದ ಮುಖ ಕಂಡಂತಾಯಿತು, ಹಡಗಿನ ಕಂಬಿ ಹಿಡಿದು ನಿಂತದ್ದು. ಅದೇ ನೀರಿನ ಮೇಲಿನಿಂದ, ಎಷ್ಟೋ ಎತ್ತರದಲ್ಲಿ, ಅವರ ಮಗಳು ಈಗ ಹಾದು ಬರುತ್ತಿದ್ದಳು. ಹಡಗಿನಲ್ಲಿದ್ದವರಿಗೂ ಗೊತ್ತಿಲ್ಲ, ವಿಮಾನದಲ್ಲಿದ್ದವಳಿಗೂ ಗೊತ್ತಿಲ್ಲ. ನಾನೊಬ್ಬಳು ಎರಡನ್ನೂ ಒಟ್ಟಿಗೆ ನೋಡುತ್ತಾ ಕೂತಿದ್ದೆ.

ಒಂದು ಗಂಟೆಗೆ ಸ್ವಲ್ಪ ಮೊದಲು ಹಳದಿ ಬಣ್ಣ ಮರಳಿ ಬಂತು. ವಿಮಾನ ಕರಾವಳಿಯ ಹತ್ತಿರ ಇತ್ತು. ಎಲ್ಲರೂ ಉಸಿರು ಬಿಟ್ಟರು. ಆದರೆ ಅದು ಇಳಿಯಲಿಲ್ಲ. ಕಣ್ಣೂರಿನ ಮೇಲೆ ಒಂದು ಸುತ್ತು ಹಾಕಿತು, ಮತ್ತೆ ಒಂದು.

"ಎಂತಕ್ಕೆ ಅದು ಸುತ್ತುದು?"

"ಕೆಳಗೆ ಮೋಡ ಇರ್ಬೇಕು. ದಾರಿ ಕಾಣುವ ತನಕ ಕಾಯ್ತದೆ."

ಕಾಣದಿದ್ದರೆ ಕೊಚ್ಚಿಗೋ ಬೆಂಗಳೂರಿಗೋ ಹೋಗುತ್ತದೆ ಎಂಬುದನ್ನು ಹೇಳಲಿಲ್ಲ. ಮಂಗಳೂರು ಎಂದು ಹಟ ಹಿಡಿದವರ ಎದುರು ಕಣ್ಣೂರು ಎಂದವಳು ನಾನು. ಒಳಗಿನಿಂದ ಹಾಜಿಯವರ ಹೆಂಡತಿ ಬಾಗಿಲ ಸಂದಿನಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಆಮೇಲೆ ಒಂದು ಗ್ಲಾಸು ಬಿಸಿ ನೀರು ಕಳಿಸಿಕೊಟ್ಟರು. ಅದನ್ನು ಕುಡಿದು ಮತ್ತೆ ಪರದೆ ನೋಡಿದೆ. ಮೂರನೆಯ ಸುತ್ತು ಅರ್ಧವಾದಾಗ ಹಳದಿ ವಿಮಾನ ಸಟ್ಟನೆ ತಿರುಗಿ ನೇರವಾಯಿತು. ಎತ್ತರದ ಅಂಕೆ ಇಳಿಯತೊಡಗಿತು. ನಾನು ಅದನ್ನು ಗಟ್ಟಿಯಾಗಿ ಓದಿದೆ, ಅಂಗಳವೆಲ್ಲ ಕೇಳಿತು. ಕೊನೆಯ ಅಂಕೆ ಸೊನ್ನೆಯಾಯಿತು. ಆದರೆ ಮುಕ್ಕಾಲು ಗಂಟೆ ಹೋಗಿತ್ತು.

ಎರಡು ಹೊಡೆದು ಸ್ವಲ್ಪ ಹೊತ್ತಿಗೆ ಡ್ರೈವರನ ಫೋನು, ಸಿಕ್ಕಿದರು, ಹೊರಟೆವು ಎಂದು. ಕೈಚೀಲ ಒಂದೇ. ಮಾಕುಟ್ಟದಲ್ಲಿ ಮಳೆ ಬಿಟ್ಟಿರಲಿಲ್ಲ, ಗುಡ್ಡವೂ ಜರಿದಿರಲಿಲ್ಲ. ನಾಲ್ಕೂ ಇಪ್ಪತ್ತಕ್ಕೆ ಮಡಿಕೇರಿಯಿಂದ ಇನ್ನೊಂದು ಫೋನು. ಅಲ್ಲಿಂದ ಕೆಳಗೆ ಘಾಟಿಯಲ್ಲಿ ಸಿಗ್ನಲ್ ಇಲ್ಲ. ಆಮೇಲೆ ಸುದ್ದಿಯೇ ಇಲ್ಲ.

ಅಂಗಳದಲ್ಲಿ ಎಲ್ಲರೂ ಎದ್ದು ನಿಂತಿದ್ದರು. ಮಯ್ಯತ್ತನ್ನು ಹೊರುವ ಮಂಚ ತಂದು ಚಾವಡಿಯಲ್ಲಿಟ್ಟಿದ್ದರು. ಮಳೆ ನಿಂತು ಟರ್ಪಾಲಿನಿಂದ ಹನಿ ಮಾತ್ರ ಬೀಳುತ್ತಿತ್ತು. ನಮ್ಮ ಗಡಿಯಾರದ ದೊಡ್ಡ ಮುಳ್ಳು ಹನ್ನೆರಡಕ್ಕೆ ಬಂತು. ಯಾರೋ ಹಿಂದಿನಿಂದ ಮೆಲ್ಲಗೆ ಹೇಳಿದರು.

"ಉಸ್ತಾದರೇ, ಐದಾಯ್ತು."

ಮಗ ತಲೆ ತಗ್ಗಿಸಿದರು. ಅದರ ಮೇಲೆ ಯಾರೂ ಕೇಳಬಾರದು ಎಂದು ಮಾತಾಗಿತ್ತು, ಅವರು ಕೇಳಲಿಲ್ಲ. ನಾನೂ ಕೇಳಲಿಲ್ಲ. ಉಸ್ತಾದರು ಗೋಡೆಯತ್ತ ನೋಡಿದರು. ಒಂದು ಗಡಿಯಾರ ನೋಡಿದರು, ಕಣ್ಣು ಸರಿಸಿ ಇನ್ನೊಂದನ್ನು ನೋಡಿದರು. ಆಮೇಲೆ ಹಾಜಿಯವರ ಮುಖವನ್ನು.

"ಈ ಮನೆಯಲ್ಲಿ ಗಡಿಯಾರ ಎರಡು ಉಂಟು" ಎಂದರು. "ಮಗಳ ಹೊತ್ತು ಇವರು ನೋಡ್ತಿದ್ದದ್ದು ಈ ಕಡೆಯದ್ದರಲ್ಲಿ. ಇದರಲ್ಲಿ ಇನ್ನೂ ಎರಡೂವರೆ. ಕೂತುಕೊಳ್ಳಿ ಎಲ್ಲರೂ."

ಕುರ್ಚಿಗಳು ಮತ್ತೆ ಸದ್ದು ಮಾಡಿದವು. ನನಗೆ ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡು ಅಂಗಳದ ಬದಿಗೆ ಹೋದೆ. ಬೆಳಗ್ಗಿನಿಂದ ಯಾವ ಗಡಿಯಾರ ಅವಳನ್ನು ಬಾಗಿಲಿನಿಂದ ದೂರ ಮಾಡಲು ಹೊರಟಿತ್ತೋ ಅದನ್ನೇ ಹಿಡಿದು ಅವರು ಅವಳಿಗೆ ಹೊತ್ತು ಕೊಟ್ಟಿದ್ದರು.

ಐದೂಕಾಲಕ್ಕೆ ಕೆಳಗಿನ ತಿರುವಿನಲ್ಲಿ ಹಾರನ್ ಕೇಳಿಸಿತು. ಕಾರು ನಿಲ್ಲುವ ಮೊದಲೇ ಬಾಗಿಲು ತೆರೆಯಿತು. ಕಪ್ಪು ಪರ್ದಾದ ಕೆಳಗೆ ಮನೆಯಲ್ಲಿ ಹಾಕುವ ಹವಾಯಿ ಚಪ್ಪಲಿ, ಕೈಯಲ್ಲಿ ಚೀಲ. ಗಂಡಸರು ಎರಡು ಬದಿಗೆ ಸರಿದು ದಾರಿ ಬಿಟ್ಟರು. ಅವಳು ಯಾರನ್ನೂ ನೋಡದೆ ಮೆಟ್ಟಿಲು ಹತ್ತಿದಳು. ನಾನು ಅವಳ ಹೆಸರನ್ನು ಟಿಕೆಟಿನಲ್ಲಿ ಬರೆದವಳು, ಆ ಮುಖವನ್ನು ನೋಡಿದ್ದು ಆಗಲೇ. ಹಾಜಿಯವರದೇ ಹಣೆ, ಅವರದೇ ಹುಬ್ಬು. ಒಳಗೆ ಓದುವ ಸದ್ದು ಒಂದು ಕ್ಷಣ ನಿಂತಿತು. ಅವಳು ಕೂಗಲಿಲ್ಲ. "ಉಪ್ಪಾ, ಬಂದೆ" ಎಂದಳು, ಸಂಜೆ ಶಾಲೆಯಿಂದ ಬಂದವಳು ಹೇಳುವ ಹಾಗೆ. ಅಷ್ಟೇ ನನಗೆ ಕೇಳಿಸಿದ್ದು.

ಸ್ವಲ್ಪ ಹೊತ್ತಾದ ಮೇಲೆ ಹಾಜಿಯವರನ್ನು ಹೊರಗೆ ತಂದರು. ಮಗಳು ತಾಯಿಯ ಕೈ ಹಿಡಿದು ಬಾಗಿಲಲ್ಲೇ ನಿಂತಳು. ಮಂಚ ಮೆಟ್ಟಿಲಿಳಿದು, ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ದಾಟುತ್ತಾ ನಾನು ನಿಂತಲ್ಲಿಗೆ ಬಂತು. ನಾನು ಪಕ್ಕಕ್ಕೆ ಸರಿದು ಕೈಮುಗಿದೆ. ಒಂದು ದಿನ ಹೇಳುತ್ತೇನೆ ಎಂದು ಎಷ್ಟು ವರ್ಷ ಮುಂದೆ ಹಾಕಿದ್ದೆ ನಾನು ಆ ಲೆಕ್ಕವನ್ನು. ಈಗ ಹೇಳಬಹುದಿತ್ತು. ಹತ್ತಿರ ಬಂದಾಗ, ಹೊತ್ತವರಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದೆ.

"ಹನ್ನೊಂದೂವರೆ ಗಂಟೆ ಹಾಜಿಯವರೇ. ಬಾಗಿಲಿನಿಂದ ಬಾಗಿಲಿಗೆ."